ಅಜ್ಜಿಯ ಮುಯ್ಯಿ ಬಾಕಿ ಇದೆ

ಬೆಳಿಗ್ಗೆ ಹತ್ತು ಗಂಟೆಗೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲೋ ವೆಂಟ್‌ವರ್ತ್‌ವಿಲ್‌ನಲ್ಲೋ, ಮೆಲ್ಬರ್ನಿನ ಟಾರ್ನೀಟ್‌ನಲ್ಲೋ ಪಾಯಿಂಟ್ ಕುಕ್‌ನಲ್ಲೋ ಒಂದು ಸುತ್ತು ನಡೆದು ಬನ್ನಿ. ಪ್ರಾಮ್ ತಳ್ಳುತ್ತಿರುವವರು ಯಾರು ಅಂತ ನೋಡಿ. ಸೀರೆಯ ಮೇಲೆ ದಪ್ಪ ಜಾಕೆಟ್, ಕಾಲಿಗೆ ಮಗಳ ಹಳೇ ಸ್ಪೋರ್ಟ್ಸ್ ಶೂ. ಪಕ್ಕದಲ್ಲಿ ಮಂಕಿ ಕ್ಯಾಪ್ ಹಾಕಿದ ತಾತ. ಮಗುವಿನ ಅಪ್ಪ-ಅಮ್ಮ ಇಬ್ಬರೂ ಆಫೀಸಿನಲ್ಲಿ. ಇವರು ಹುಡುಗಿಯ ಕಡೆಯವರಾದರೆ, ವೀಸಾ ಮುಗಿದು ಇವರು ವಿಮಾನ ಹತ್ತುವ ಹೊತ್ತಿಗೆ ಹುಡುಗನ ಕಡೆಯವರು ಬಂದು ಇಳಿಯುತ್ತಾರೆ. ಮನೆಯಲ್ಲಿ ಇದಕ್ಕೆ ‘ಅಮ್ಮ ಬರ್ತಿದ್ದಾರೆ’ ಅಂತೀವಿ. ಕಾರ್ಖಾನೆಯಲ್ಲಾದರೆ ಇದಕ್ಕೆ ಶಿಫ್ಟ್ ಅಂತಾರೆ.

ಇದೇ ಮನೆಗಳಲ್ಲಿ ಹತ್ತು ವರ್ಷದ ನಂತರ ಇನ್ನೊಂದು ಮಾತು ಶುರುವಾಗುತ್ತದೆ. ‘ಅಪ್ಪ-ಅಮ್ಮನಿಗೆ ವಯಸ್ಸಾಯ್ತು, ಏನು ಮಾಡೋದೋ ಗೊತ್ತಾಗ್ತಿಲ್ಲ. ಕರೆಸೋಣ ಅಂದ್ರೆ ವೀಸಾ ದುಬಾರಿ. ಅಲ್ಲಿ ಕೇರ್‌ಟೇಕರ್ ಇಡೋಣ ಅಂದ್ರೆ ಸಂಬಳ ಕೇಳೋ ಹಾಗಿಲ್ಲ.’ ವೀಕೆಂಡ್ ಊಟಗಳಲ್ಲಿ, ದೇವಸ್ಥಾನದ ಕಾರ್ ಪಾರ್ಕಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಇದೇ ಚರ್ಚೆ. ಅದರಲ್ಲಿ ಅಪ್ಪ-ಅಮ್ಮ ಯಾವಾಗಲೂ ಖರ್ಚಿನ ಕಾಲಂನಲ್ಲಿ ಇರುತ್ತಾರೆ. ಜಮೆಯ ಕಾಲಂನಲ್ಲಿ ಅವರ ಹೆಸರೇ ಇಲ್ಲ.

ನನ್ನ ತಕರಾರು ಅದರ ಮೇಲೆ. ವಯಸ್ಸಾದ ಅಪ್ಪ-ಅಮ್ಮನ ಆರೈಕೆಗೆ ನಾವು ಕೊಡಬೇಕಾದ ಹಣ ದಾನವೂ ಅಲ್ಲ, ಧರ್ಮವೂ ಅಲ್ಲ. ಅದರಲ್ಲಿ ದೊಡ್ಡ ಪಾಲು ಬಾಕಿ ಸಂಬಳ. ಅದನ್ನು ಮೊದಲು ತೀರಿಸಬೇಕು. ಪ್ರೀತಿ, ಋಣ, ಸಂಸ್ಕಾರದ ಮಾತೆಲ್ಲ ಆಮೇಲೆ.

ಲೆಕ್ಕ ಹಾಕಿಯೇ ಬಿಡೋಣ

ಈ ಎರಡು ನಗರಗಳಲ್ಲಿ ಚೈಲ್ಡ್ ಕೇರ್‌ನ ಒಂದು ದಿನದ ಶುಲ್ಕ 140 ಡಾಲರ್ ಅಂತ ಇಟ್ಟುಕೊಳ್ಳೋಣ. ಇದಕ್ಕಿಂತ ಹೆಚ್ಚು ಕೇಳುವ ಸೆಂಟರ್‌ಗಳು ಬೇಕಾದಷ್ಟಿವೆ. ವಾರಕ್ಕೆ ಮೂರು ದಿನ, ವರ್ಷಕ್ಕೆ 48 ವಾರ ಅಂದರೆ 20,160 ಡಾಲರ್. ಸರ್ಕಾರದ ಸಬ್ಸಿಡಿ ಅರ್ಧ ಭರಿಸಿತು ಅಂತಲೇ ಹಿಡಿಯಿರಿ. ಸಬ್ಸಿಡಿ ಎಷ್ಟು ಅನ್ನೋದು ಆದಾಯದ ಮೇಲೆ ನಿಂತಿದೆ, ತಾತ್ಕಾಲಿಕ ಕೆಲಸದ ವೀಸಾದಲ್ಲಿರುವ ಬಹುತೇಕರಿಗೆ ಅದು ಸಿಗುವುದೂ ಇಲ್ಲ. ಆದರೂ ಅರ್ಧ ಅನ್ನೋಣ. ಉಳಿದದ್ದು 10,080 ಡಾಲರ್. ಅಜ್ಜಿ-ತಾತನ ಟಿಕೆಟ್ಟು, ವಿಸಿಟರ್ ವೀಸಾ, ವಿಮೆ ಎಲ್ಲ ಸೇರಿ 4,000 ಕಳೆಯಿರಿ. ಇನ್ನೂ 6,080 ಡಾಲರ್ ನಿಮ್ಮ ಕೈಯಲ್ಲಿ ಉಳಿಯಿತು.

ಒಂದು ಡಾಲರಿಗೆ 55 ರೂಪಾಯಿ ಅಂದರೂ ಇದು 3,34,400 ರೂಪಾಯಿ. ಊರಿನಲ್ಲಿ ಹಗಲು-ರಾತ್ರಿ ನೋಡಿಕೊಳ್ಳುವ ಒಬ್ಬರಿಗೆ ತಿಂಗಳಿಗೆ 30,000 ರೂಪಾಯಿ ಕೊಡುತ್ತೀರಿ ಅಂದುಕೊಳ್ಳಿ. ಹನ್ನೊಂದು ತಿಂಗಳ ಸಂಬಳ ಆಯಿತು. ಅಂದರೆ ಅಜ್ಜಿ ಇಲ್ಲಿ ಒಂದು ವರ್ಷ, ವಾರಕ್ಕೆ ಬರೀ ಮೂರು ದಿನ ಮೊಮ್ಮಗುವನ್ನು ನೋಡಿಕೊಂಡು, ಮುಂದೆ ತನ್ನನ್ನು ಹನ್ನೊಂದು ತಿಂಗಳು ನೋಡಿಕೊಳ್ಳುವ ಹಣವನ್ನು ಆಗಲೇ ದುಡಿದು ಕೊಟ್ಟಿದ್ದಾಳೆ. ಇದರಲ್ಲಿ ಅಡುಗೆ ಸೇರಿಲ್ಲ. ರಾತ್ರಿ ಎದ್ದು ಕೂಸನ್ನು ಸಮಾಧಾನ ಮಾಡಿದ್ದು ಸೇರಿಲ್ಲ. ಬಾಣಂತನ, ಅಂದರೆ ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ, ನೀರು ಹಾಕಿ, ಪಥ್ಯದ ಅಡುಗೆ ಮಾಡಿ ಬಡಿಸುವ ಕೆಲಸ, ಅದೂ ಸೇರಿಲ್ಲ. ಅವಳು ಇದ್ದದ್ದರಿಂದ ಮಗಳೋ ಸೊಸೆಯೋ ಆರು ತಿಂಗಳು ಮೊದಲೇ ಕೆಲಸಕ್ಕೆ ಹೋಗಿ ತಂದ ಸಂಬಳ, ಅದಕ್ಕೆ ಸೇರಿದ ಸೂಪರ್ ಹಣ, ಅದೂ ಇಲ್ಲ.

ಆ ಹಣ ಎಲ್ಲಿ ಹೋಯಿತು? ಕದ್ದವರು ಯಾರೂ ಇಲ್ಲ. ಅದು ಮನೆ ಸಾಲದ ಕಂತಿನಲ್ಲಿದೆ. ನಾಲ್ಕು ಬೆಡ್‌ರೂಮಿನ ಮನೆಯ ಗೋಡೆಯಲ್ಲಿದೆ. ಆ ಮನೆಗೆ ಈಗ ಎಷ್ಟು ಬೆಲೆ ಅಂತ ನಮಗೆ ಬಾಯಿಪಾಠ. ಅದರಲ್ಲಿ ಅಜ್ಜಿಯ ಪಾಲು ಎಷ್ಟು ಅಂತ ಕೇಳಿದರೆ ಮಾತ್ರ ‘ಛೇ, ಹಾಗೆಲ್ಲ ಲೆಕ್ಕ ಹಾಕ್ತಾರಾ’ ಅಂತೀವಿ.

ಲೆಕ್ಕ ಹಾಕ್ತಾರೆ

ಮಂಡ್ಯದ ಕಡೆಯೋ ಹಾಸನದ ಕಡೆಯೋ ಮದುವೆಗೆ ಹೋದವರು ನೋಡಿರುತ್ತೀರಿ. ಮಂಟಪದ ಪಕ್ಕ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಹೆಸರು, ಊರು, ರೂಪಾಯಿ ಸಮೇತ ಬರೆಯುತ್ತಾರೆ. ನಾಳೆ ಆ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಅದಕ್ಕಿಂತ ಕಡಿಮೆಯಾಗದ ಹಾಗೆ ತೀರಿಸುತ್ತಾರೆ. ಹೊಲದ ಕೆಲಸದಲ್ಲೂ ಹೀಗೇ. ಇವತ್ತು ನೀನು ನನ್ನ ಗದ್ದೆಗೆ ನಾಟಿಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರ್ತೀನಿ. ಅದಕ್ಕೆ ಮುಯ್ಯಾಳು ಅಂತ ಹೆಸರು. ಇದರಿಂದ ಯಾರ ಪ್ರೀತಿಯೂ ಕಡಿಮೆಯಾಗಲಿಲ್ಲ. ಮುಯ್ಯಿ ತೀರಿಸದವನಿಗೇ ಊರಲ್ಲಿ ಮುಖ ತೋರಿಸೋದು ಕಷ್ಟವಾಗಿತ್ತು.

ಹಾಗಾಗಿ ‘ನಮ್ಮ ಸಂಸ್ಕೃತಿಯಲ್ಲಿ ಸಂಬಂಧಕ್ಕೆ ಲೆಕ್ಕ ಇಡಲ್ಲ’ ಅನ್ನೋದು ಸುಳ್ಳು. ನಾವು ಲೆಕ್ಕ ಇಡುತ್ತಿದ್ದೆವು, ಚೆನ್ನಾಗಿಯೇ ಇಡುತ್ತಿದ್ದೆವು. ಅಜ್ಜಿಯ ವಿಷಯದಲ್ಲಿ ಮಾತ್ರ ಪುಸ್ತಕ ಮುಚ್ಚಿಟ್ಟಿದ್ದೇವೆ. ಯಾಕೆಂದರೆ ಆ ಪುಸ್ತಕದಲ್ಲಿ ಕೊಡಬೇಕಾದವರು ನಾವು.

ವೀಸಾದ ನೆಪ

ಆಸ್ಟ್ರೇಲಿಯಾ ಸರ್ಕಾರವನ್ನು ನಾನು ಸುಮ್ಮನೆ ಬಿಡುವುದಿಲ್ಲ. 143 ಅನ್ನುವ ಕಾಂಟ್ರಿಬ್ಯೂಟರಿ ಪೇರೆಂಟ್ ವೀಸಾಕ್ಕೆ ತಲೆಗೆ ಸುಮಾರು 48,000 ಡಾಲರ್. ಅದನ್ನು ಕಟ್ಟಲು ಸಿದ್ಧರಿದ್ದರೂ ಹತ್ತು ವರ್ಷಕ್ಕೂ ಮೇಲೆ ಸರದಿಯಲ್ಲಿ ಕಾಯಬೇಕು. ಕಡಿಮೆ ಶುಲ್ಕದ ಇನ್ನೊಂದು ದಾರಿ ಇದೆ, 103 ಅಂತ. ಅದರ ಸರದಿ ಮೂವತ್ತು ವರ್ಷದ ಆಸುಪಾಸು. ಎಪ್ಪತ್ತು ವಯಸ್ಸಿನ ಅಪ್ಪನಿಗೆ ನೂರನೇ ವಯಸ್ಸಿಗೆ ವೀಸಾ! 2024-25ರಲ್ಲಿ ಪೋಷಕರ ಕಾಯಂ ವೀಸಾಕ್ಕೆ ಇಟ್ಟ ಜಾಗ 8,500. ಕಾಯುತ್ತಿರುವ ಅರ್ಜಿಗಳು ಒಂದು ಲಕ್ಷಕ್ಕೂ ಮೇಲೆ. ಮಾರ್ಟಿನ್ ಪಾರ್ಕಿನ್ಸನ್ ನೇತೃತ್ವದಲ್ಲಿ 2023ರಲ್ಲಿ ಬಂದ ವಲಸೆ ವ್ಯವಸ್ಥೆಯ ವರದಿಯೇ, ಬಹುಶಃ ಎಂದೂ ಬರದ ವೀಸಾಕ್ಕೆ ಅರ್ಜಿ ಹಾಕಿಸಿಕೊಳ್ಳುವುದು ಕ್ರೂರ ಅಂತ ಹೇಳಿತು. ಸರ್ಕಾರ ಆ ಅರ್ಜಿಗಳನ್ನು ಈಗಲೂ ತೆಗೆದುಕೊಳ್ಳುತ್ತಿದೆ, ಅರ್ಜಿ ಹಾಕುವಾಗ ಕಟ್ಟುವ ಮೊದಲ ಕಂತಿನ ಸಮೇತ.

ಸರ್ಕಾರವೂ ಒಂದೇ ಕಾಲಂ ನೋಡುತ್ತದೆ. 2016ರಲ್ಲಿ ಇಲ್ಲಿನ ಪ್ರೊಡಕ್ಟಿವಿಟಿ ಕಮಿಷನ್ ಒಂದು ಅಂದಾಜು ಕೊಟ್ಟಿತು. ಪೋಷಕರ ವೀಸಾದಲ್ಲಿ ಬಂದ ಒಬ್ಬರಿಗೆ ಜೀವಮಾನದಲ್ಲಿ ಸರ್ಕಾರಕ್ಕೆ ಬೀಳುವ ಹೊರೆ 3,35,000ದಿಂದ 4,10,000 ಡಾಲರ್. ಆಸ್ಪತ್ರೆ, ಪೆನ್ಷನ್, ವೃದ್ಧರ ಆರೈಕೆ ಎಲ್ಲ ಅದರಲ್ಲಿ ಬಂತು. ಆದರೆ ಅಜ್ಜಿ ಮನೆಯಲ್ಲಿದ್ದದ್ದರಿಂದ ಆಫೀಸಿಗೆ ಹೋದ ಮಗಳು ಕಟ್ಟಿದ ತೆರಿಗೆ, ಅಜ್ಜಿಯ ಹೆಸರಿನಲ್ಲಿ ಜಮೆ ಆಗುವುದಿಲ್ಲ. ಸರ್ಕಾರದ ಪುಸ್ತಕದಲ್ಲೂ ಅವಳು ಬರೀ ಖರ್ಚು.

ಆದರೆ ಸರ್ಕಾರದ ತಪ್ಪಿನ ಹಿಂದೆ ನಾವು ಅಡಗಿಕೊಳ್ಳುವಂತಿಲ್ಲ. 2019ರಿಂದ 870 ಅನ್ನುವ ತಾತ್ಕಾಲಿಕ ವೀಸಾ ಇದೆ. ಶುರುವಾದಾಗ ಮೂರು ವರ್ಷಕ್ಕೆ 5,000, ಐದು ವರ್ಷಕ್ಕೆ 10,000 ಡಾಲರ್ ಇತ್ತು, ಆಮೇಲೆ ಏರಿದೆ. ಒಟ್ಟು ಹತ್ತು ವರ್ಷ ಇರಬಹುದು. ಮೆಡಿಕೇರ್ ಇಲ್ಲ, ಖಾಸಗಿ ವಿಮೆ ಮಾಡಿಸಲೇಬೇಕು. ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ನಡುವೆ ಪರಸ್ಪರ ಆರೋಗ್ಯ ಒಪ್ಪಂದ ಇಲ್ಲ. ಹೀಗಾಗಿ ಆಸ್ಪತ್ರೆ ಸೇರಿದರೆ ಬಿಲ್ಲು ಸಾವಿರಗಳಲ್ಲೇ ಶುರು. ದುಬಾರಿ ನಿಜ. ಆದರೆ ಮೇಲಿನ ಲೆಕ್ಕ ಮತ್ತೆ ನೋಡಿ. ಅಜ್ಜಿ ಎರಡು ಮಕ್ಕಳನ್ನು ಎರಡೆರಡು ವರ್ಷ ನೋಡಿಕೊಂಡಿದ್ದರೆ, ಆ ಶುಲ್ಕವನ್ನು ಆಗಲೇ ಕಟ್ಟಿಯಾಗಿದೆ. ‘ನಮ್ಮಿಂದಾಗಲ್ಲ’ ಅನ್ನುವ ಮೊದಲು ‘ಅವರದ್ದೇ ದುಡ್ಡು ಎಲ್ಲಿಟ್ಟಿದ್ದೀವಿ’ ಅಂತ ಕೇಳಿಕೊಳ್ಳಿ.

ಇನ್ನು, ಎಲ್ಲರ ಅಪ್ಪ-ಅಮ್ಮನಿಗೂ ಇಲ್ಲಿಗೆ ಬಂದು ನೆಲೆಸುವ ಆಸೆ ಇರುವುದಿಲ್ಲ. ಜುಲೈ ಚಳಿಯಲ್ಲಿ, ಅಕ್ಕಪಕ್ಕ ಮಾತಾಡುವವರಿಲ್ಲದ ಬೀದಿಯಲ್ಲಿ, ಬಸ್ಸು ಹತ್ತಲೂ ಮಗನನ್ನು ಕೇಳಬೇಕಾದ ಬದುಕು ಬೇಡ ಅನ್ನುವವರೇ ಹೆಚ್ಚು. ಊರೇ ಸಾಕು ಅನ್ನುತ್ತಾರೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತಾ? ಅಲ್ಲಿ ಯಾರಿದ್ದಾರೆ?

ಊರಲ್ಲಿ ಉಳಿದವಳು

ಸಾಮಾನ್ಯವಾಗಿ ಒಬ್ಬ ತಂಗಿ ಇರುತ್ತಾಳೆ. ಅಥವಾ ತಮ್ಮನ ಹೆಂಡತಿ. ಶಿವಮೊಗ್ಗದಲ್ಲೋ ಮೈಸೂರಲ್ಲೋ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಅಪ್ಪನ ಸಕ್ಕರೆ ಕಾಯಿಲೆಯ ಪರೀಕ್ಷೆಗೆ, ಅಮ್ಮನ ಮಂಡಿ ಆಪರೇಷನ್ನಿಗೆ, ನವೆಂಬರಿನಲ್ಲಿ ಪೆನ್ಷನ್ನಿನ ಜೀವಂತ ಪ್ರಮಾಣಪತ್ರಕ್ಕೆ, ಎಲ್ಲದಕ್ಕೂ ಅವಳೇ. ಸಿಡ್ನಿಯ ಅಣ್ಣನಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಹತ್ತು ದಿನ ಸಂಬಳ ಸಹಿತ ಅನಾರೋಗ್ಯ ಮತ್ತು ಆರೈಕೆಯ ರಜೆ ಇದೆ. ಅವಳು ರಜೆ ಹಾಕಿದರೆ ಸಂಬಳ ಕಟ್. ಅಣ್ಣ ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಾನೆ, ಆ ದುಡ್ಡಿನ ಲೆಕ್ಕ ಆ್ಯಪ್‌ನಲ್ಲಿ ತಾರೀಕಿನ ಸಮೇತ ಇದೆ. ಅವಳು ಕೊಟ್ಟ ರಾತ್ರಿಗಳ ಲೆಕ್ಕ ಎಲ್ಲೂ ಇಲ್ಲ. ವರ್ಷಕ್ಕೊಮ್ಮೆ ಅಣ್ಣ ಇಳಿದು ಬಂದು, ಡಾಕ್ಟರನ್ನು ಯಾಕೆ ಬದಲಾಯಿಸಲಿಲ್ಲ ಅಂತ ಕೇಳುತ್ತಾನೆ.

ಆಸ್ಟ್ರೇಲಿಯಾದ ಕಾಯಂ ಪೋಷಕ ವೀಸಾಕ್ಕೆ ಒಂದು ಪರೀಕ್ಷೆ ಇದೆ: ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಇಲ್ಲಿ ಕಾಯಂ ಆಗಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶಕ್ಕಿಂತ ಇಲ್ಲಿ ಹೆಚ್ಚು ಮಕ್ಕಳಿರಬೇಕು. ಊರಲ್ಲಿ ಇಬ್ಬರು, ಇಲ್ಲಿ ಒಬ್ಬರು ಅಂದರೆ ಬಾಗಿಲು ಮುಚ್ಚಿತು. ಅಂದರೆ ಊರಲ್ಲಿ ಉಳಿದವಳು ಇದ್ದಾಳೆ ಅನ್ನುವ ಲೆಕ್ಕದ ಮೇಲೆಯೇ ಈ ದೇಶದ ನಿಯಮವೂ ನಿಂತಿದೆ, ನಮ್ಮ ನೆಮ್ಮದಿಯೂ ನಿಂತಿದೆ. ಅವಳನ್ನು ಕೇಳಿದವರು ಯಾರು?

‘ಮನೆ ಅವರಿಗೇ ಹೋಗುತ್ತಲ್ಲ’ ಅಂತ ಒಂದು ಉತ್ತರ ಬರುತ್ತದೆ. ತಮ್ಮನಿಗಾದರೆ ಹೋಗಬಹುದು. ತಂಗಿಗೆ? 2005ರ ತಿದ್ದುಪಡಿಯಿಂದ ಹಿಂದೂ ಮನೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಆದರೆ ಪಾಲಿನ ದಿನ ಅವಳ ಮುಂದೆ ಬರುವುದು ಹಕ್ಕು ಬಿಡುಗಡೆ ಪತ್ರ. ಹತ್ತು ವರ್ಷ ಡೈಪರ್ ಬದಲಾಯಿಸಿದ ಕೈಯಲ್ಲೇ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಇನ್ನು ಮುಂದೆಂದೋ ಸಿಗಬಹುದಾದ ಮನೆಯನ್ನು ತೋರಿಸಿ ಇವತ್ತಿನ ಕೂಲಿ ಹಿಡಿದಿಡುವುದಕ್ಕೆ ಯಾವ ಹೊಲದಲ್ಲೂ ನ್ಯಾಯ ಅನ್ನೋದಿಲ್ಲ.

ಕಾನೂನನ್ನು ನಂಬಿ ಕೂರುವುದೂ ಬೇಡ. ಭಾರತದಲ್ಲಿ 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆ-ಪೋಷಣೆ ಕಾಯ್ದೆ ಇದೆ. ಅದು ವಿದೇಶದಲ್ಲಿರುವ ಭಾರತದ ನಾಗರಿಕರಿಗೂ ಅನ್ವಯಿಸುತ್ತದೆ ಅಂತ ಮೊದಲ ಸೆಕ್ಷನ್ನಿನಲ್ಲೇ ಬರೆದಿದೆ. ಆಸ್ಟ್ರೇಲಿಯಾದ ಪೌರತ್ವ ತೆಗೆದುಕೊಂಡ ದಿನ ಭಾರತದ ಪೌರತ್ವ ಹೋಗುತ್ತದೆ, ಆ ವಾಕ್ಯದ ವ್ಯಾಪ್ತಿಯಿಂದ ನಾವು ಹೊರಗೆ. ಒಳಗಿದ್ದವರಿಗೂ ಆ ಕಾಯ್ದೆ ಇಟ್ಟ ಮಿತಿ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಅಂದರೆ 182 ಡಾಲರ್. ಮೇಲೆ ಹೇಳಿದ ಚೈಲ್ಡ್ ಕೇರ್‌ನ ಒಂದೂವರೆ ದಿನದ ಶುಲ್ಕಕ್ಕೂ ಕಡಿಮೆ.

ಏನು ಮಾಡಬೇಕು

ಅಜ್ಜಿ ಹೆಸರಿನಲ್ಲಿ ಒಂದು ಖಾತೆ. ಅವಳು ಏರ್‌ಪೋರ್ಟಿನಲ್ಲಿ ಇಳಿದ ವಾರದಿಂದ, ಚೈಲ್ಡ್ ಕೇರ್‌ಗೆ ಹೋಗಬೇಕಿದ್ದ ಹಣದಲ್ಲಿ ಅರ್ಧವನ್ನಾದರೂ ಅದಕ್ಕೆ ಹಾಕಿ. ಮಕ್ಕಳು ಆಗಲೇ ಬೆಳೆದು ಕಾಲೇಜು ಸೇರಿದ್ದರೆ ಹಳೇ ಬಾಕಿ ಲೆಕ್ಕ ಹಾಕಿ, ಕಂತಿನಲ್ಲಿ ಕಟ್ಟಿ. ಬ್ಯಾಂಕಿಗೆ ಮೂವತ್ತು ವರ್ಷ ಕಂತು ಕಟ್ಟಲು ಗೊತ್ತಿರುವವರಿಗೆ ಇದು ಗೊತ್ತಾಗದ ವಿದ್ಯೆಯಲ್ಲ.

ಹಣ ಅವರ ಹೆಸರಿನಲ್ಲೇ ಇರಲಿ, ಅಧಿಕಾರವೂ ಅವರದ್ದೇ. ಮಗ-ಮಗಳು ಅಪ್ಪ-ಅಮ್ಮನಿಗೆ ಕೊಡುವ ಹಣಕ್ಕೆ ಭಾರತದಲ್ಲಿ ಉಡುಗೊರೆ ತೆರಿಗೆಯ ಭಯ ಇಲ್ಲ. ಇಲ್ಲಿ ಅದಕ್ಕೆ ತೆರಿಗೆ ವಿನಾಯಿತಿಯೂ ಇಲ್ಲ, ಅದನ್ನು ನಿರೀಕ್ಷಿಸಬೇಡಿ. ಅರವತ್ತು ದಾಟಿದವರು ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ನಿಮ್ಮ ಹೆಸರಿನಲ್ಲಿ ಅದು ಸಿಗದು. ಅವರ ಹೆಸರಿನಲ್ಲಿ ಸಿಗುತ್ತದೆ.

ಆರೋಗ್ಯ ವಿಮೆ ಇವತ್ತೇ. 2024ರ ಏಪ್ರಿಲ್‌ನಿಂದ ವಯಸ್ಸು 65 ದಾಟಿತು ಅನ್ನುವ ಮಿತಿ ತೆಗೆದಿದ್ದಾರೆ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಿಸುವ ಅವಧಿ ಹೆಚ್ಚೆಂದರೆ ನಾಲ್ಕು ವರ್ಷ ಇದ್ದದ್ದು ಮೂರಕ್ಕೆ ಇಳಿದಿದೆ. ಆ ಮೂರು ವರ್ಷ ಓಡಲು ಶುರುವಾಗುವುದು ಪಾಲಿಸಿ ಮಾಡಿಸಿದ ದಿನದಿಂದ. ಬಿಪಿ, ಶುಗರ್ ಇರುವುದನ್ನು ಮುಚ್ಚಿಟ್ಟು ಮಾಡಿಸಿದರೆ ಕ್ಲೇಮಿನ ದಿನ ಜಗಳ ಗ್ಯಾರಂಟಿ.

ಕಾಗದ ಪತ್ರ. ಇಲ್ಲಿ ನಾವು ಎನ್‌ಡ್ಯೂರಿಂಗ್ ಪವರ್ ಆಫ್ ಅಟಾರ್ನಿ ಮಾಡಿಟ್ಟರೆ, ಬುದ್ಧಿ ಸ್ಥಿಮಿತ ಹೋದ ಮೇಲೂ ಅದು ನಡೆಯುತ್ತದೆ. ಭಾರತದ ಪವರ್ ಆಫ್ ಅಟಾರ್ನಿ ಹಾಗಲ್ಲ. ಅಪ್ಪನಿಗೆ ಮರೆವಿನ ಕಾಯಿಲೆ ಬಲಿತು ತಿಳಿವಳಿಕೆ ಹೋದರೆ, ಅವರು ಬರೆದುಕೊಟ್ಟ ಪತ್ರದ ಬಲವೂ ಹೋಗುತ್ತದೆ. ಆದ್ದರಿಂದ ಜಂಟಿ ಖಾತೆ, ನಾಮಿನಿ, ವಿಲ್ ಎಲ್ಲವನ್ನೂ ಅವರು ಗಟ್ಟಿಯಾಗಿರುವಾಗಲೇ, ಅವರ ಇಷ್ಟದಂತೆ ಮಾಡಿಸಿ. ನೀವು ಇಲ್ಲಿಂದ ಸಹಿ ಮಾಡಿ ಕಳಿಸುವ ಪವರ್ ಆಫ್ ಅಟಾರ್ನಿಗೆ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಹಾಕಿಸಬೇಕು.

ಮತ್ತೆ, ಊರಲ್ಲಿ ಉಳಿದವಳಿಗೆ ಸಂಬಳ. ಸಹಾಯ ಅಲ್ಲ, ಹಬ್ಬದ ಸೀರೆ ಅಲ್ಲ. ತಿಂಗಳು ತಿಂಗಳು ಇಂತಿಷ್ಟು, ಅವಳದ್ದೇ ಖಾತೆಗೆ. ವರ್ಷಕ್ಕೆ ಎರಡು ವಾರ ನೀವು ಹೋಗಿ ಅವಳ ಜಾಗದಲ್ಲಿ ನಿಲ್ಲಿ, ಅವಳು ರಜೆ ಹೋಗಲಿ. 2022ರಿಂದ ಸಿಡ್ನಿಯಿಂದ ಬೆಂಗಳೂರಿಗೆ ನೇರ ವಿಮಾನವೇ ಇದೆ. ಬಾಲಿಗೆ ಹೋಗುವ ರಜೆಯಲ್ಲಿ ಒಂದನ್ನು ಇದಕ್ಕೆ ಇಟ್ಟರೆ ಯಾರ ಬದುಕೂ ನಿಲ್ಲುವುದಿಲ್ಲ.

ತಕರಾರುಗಳು

‘ಅಜ್ಜಿಗೆ ಮೊಮ್ಮಗು ಅಂದ್ರೆ ಪ್ರಾಣ, ದುಡ್ಡು ಅಂದ್ರೆ ಬೇಜಾರು ಮಾಡ್ಕೋತಾರೆ.’ ಮಾಡಿಕೊಳ್ಳಲಿ. ಡಾಕ್ಟರಿಗೂ ತನ್ನ ಕೆಲಸ ಅಂದರೆ ಪ್ರಾಣ, ಅಂತ ಫೀಸು ಕೊಡದೆ ಬರುತ್ತೀವಾ? ಅಮ್ಮ ಬೇಡ ಅನ್ನುವುದು ಮರ್ಯಾದೆಗೆ. ಆ ಮರ್ಯಾದೆಯನ್ನು ನಮ್ಮ ಉಳಿತಾಯ ಮಾಡಿಕೊಳ್ಳುವುದು ತಪ್ಪು. ಕೈಗೆ ಕೊಟ್ಟರೆ ಬೇಡ ಅನ್ನುವವರೂ, ಕಾಯಿಲೆ ಬಿದ್ದ ದಿನ ಮಗನ ಮುಂದೆ ಕೈ ಚಾಚದೆ ಬಿಲ್ಲು ಕಟ್ಟುವಂತಾದರೆ ಬೇಡ ಅನ್ನುವುದಿಲ್ಲ.

‘ನಮಗೇ ಮಾರ್ಟ್‌ಗೇಜ್ ತಲೆ ಮೇಲಿದೆ.’ ಬಡ್ಡಿ ಏರಿ ಮನೆ ಉಳಿಸಿಕೊಳ್ಳಲು ಒದ್ದಾಡುವವರು ಇದ್ದಾರೆ, ಕೆಲಸ ಕಳೆದುಕೊಂಡವರಿದ್ದಾರೆ. ಅವರಿಗೆ ಈ ಮಾತಲ್ಲ. ಅವರು ಕೊಡಲಾಗದ್ದನ್ನು ಬರೆದಿಟ್ಟರೂ ಸಾಕು. ಆದರೆ ಎರಡನೇ ಮನೆಗೆ ಡೆಪಾಸಿಟ್ ಕೂಡಿಸುತ್ತಿರುವವರು ಈ ನೆಪ ಹೇಳಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ. ಈ ಹಾಸಿಗೆಯ ಒಂದು ಮಗ್ಗುಲು ಅಜ್ಜಿ ನೇಯ್ದದ್ದು.

‘ಅವರು ನಮ್ಮನ್ನು ಓದಿಸಿದ್ದೂ ಲೆಕ್ಕವಾ?’ ಇಲ್ಲ. ಹೆತ್ತವರು ಮಕ್ಕಳನ್ನು ಸಾಕಿದ್ದು ಅವರ ಆಯ್ಕೆ, ಅದರ ಋಣವನ್ನು ಯಾರೂ ಡಾಲರಿನಲ್ಲಿ ಅಳೆಯಲಾರರು, ಅಳೆಯಲೂಬಾರದು. ನಾನು ಕೇಳುತ್ತಿರುವುದು ಅರವತ್ತು ದಾಟಿದ ಮೇಲೆ, ಮಂಡಿ ನೋಯುತ್ತಿರುವಾಗ, ಪರದೇಶದಲ್ಲಿ ಅವರು ಮಾಡಿದ ಎರಡನೇ ಸುತ್ತಿನ ಕೆಲಸದ ಲೆಕ್ಕ. ಅದು ನಮ್ಮ ಕರೆಗೆ ಬಂದು ಮಾಡಿದ್ದು.

ಇಲ್ಲೇ ಹುಟ್ಟಿ ಬೆಳೆದವರಿಗೆ ಕೊನೆಯ ಮಾತು. ನೀವು ಈಗ ಈ ಕನ್ನಡವನ್ನು ತಡವರಿಸುತ್ತಾದರೂ ಓದುತ್ತಿದ್ದರೆ, ಬಹುಶಃ ಅದನ್ನು ಕಲಿಸಿದ್ದು ಶನಿವಾರದ ಕನ್ನಡ ಶಾಲೆಗಿಂತ ಹೆಚ್ಚಾಗಿ ಆ ಅಜ್ಜಿ. ಅನ್ನ ಕಲಸಿ ತುತ್ತು ಇಡುತ್ತಾ ಹೇಳಿದ ಕಥೆಗಳಿಂದ. ಆ ಭಾಷೆಯೂ ಅವಳ ದುಡಿಮೆ, ಅದಕ್ಕೆ ಯಾವ ಸೆಂಟರೂ ದರ ಹಾಕಿಲ್ಲ. ನಿಮ್ಮ ಅಪ್ಪ-ಅಮ್ಮ ಸಂಕೋಚದಿಂದ ಕೇಳದ ಪ್ರಶ್ನೆಯನ್ನು ನೀವು ಕೇಳಬಹುದು. ಈ ವಾರದ ಊಟದಲ್ಲಿ ಕೇಳಿ: ಅಜ್ಜಿ ನನ್ನನ್ನು ಎಷ್ಟು ತಿಂಗಳು ನೋಡಿಕೊಂಡರು? ಆಗ ಡೇ ಕೇರ್‌ಗೆ ಎಷ್ಟಾಗುತ್ತಿತ್ತು? ಈಗ ಅವರನ್ನು ನೋಡಿಕೊಳ್ಳುತ್ತಿರುವವರು ಯಾರು, ಅವರಿಗೆ ನಾವು ಏನು ಕೊಡುತ್ತಿದ್ದೀವಿ?

ಊಟದ ಮೇಜು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆಗಲಿ. ಒಂದು ಪೆನ್ನು ತಗೊಂಡು ಬರೆಯಲು ಶುರು ಮಾಡಿ.